ದೀಪ ದೊಡ್ಡದು ಮಾಡುವವನು

ಗುಡ್ಡದ ಲೈನಿನ ಸ್ವಿಚ್ಚಿಗೆ ಕೈ ಹಾಕುವ ಮೊದಲು ಅವನಿಗೆ ಯಾವಾಗಲೂ ಒಂದು ಆಕಳಿಕೆ ಬರುತ್ತಿತ್ತು. ಅದು ನಿದ್ದೆಯ ಆಕಳಿಕೆಯಲ್ಲ, ಅಂಜಿಕೆಯದು. ಆದರೆ ನೋಡಿದವರಿಗೆ ಅದೇನು ಗೊತ್ತು, ವಿದ್ಯುತ್ ಕೇಂದ್ರದ ಜನ ಅವನನ್ನು ಕಲ್ಲೆದೆಯವನು ಎಂದೇ ತಿಳಿದಿದ್ದರು. ಇವತ್ತೂ ಬಂತು. ಬೆಳಗಿನ ತಿಂಡಿಯ ಹೊತ್ತು ಇನ್ನೂ ದಾಟಿರಲಿಲ್ಲ. ಕಿಟಕಿಯ ಗಾಜು ಆಗಲೇ ಮುಟ್ಟಲಾರದಷ್ಟು ಕಾದಿತ್ತು. ಹೊರಗೆ ಕಂಬದ ತುದಿಯಲ್ಲಿ ಗಾಳಿ ಅಳೆಯುವ ಬಟ್ಟಲುಗಳು ಹುಚ್ಚು ಹಿಡಿದವರಂತೆ ಸುತ್ತುತ್ತಿದ್ದವು. ಅವನು ಆಕಳಿಸಿದ, ಸ್ವಿಚ್ಚು ತಿರುಗಿಸಿದ, ಫಲಕದ ಮೇಲೆ ಗುಡ್ಡದ ದೀಪ ಆರಿತು. "ಸತ್ತಿದೆಯಾ?" ಎಂದು ಪಕ್ಕದ ಕುರ್ಚಿಯಿಂದ ಗೊಣಗಣ್ಣ ಕೇಳಿದ. "ಸತ್ತಿದೆ," ಎಂದ ಇವನು. "ಖಾತ್ರಿಯಾ?" "ಖಾತ್ರಿ." ಒಬ್ಬ ಕೇಳಬೇಕು, ಇನ್ನೊಬ್ಬ ಬಾಯಿಬಿಟ್ಟು ಹೇಳಬೇಕು, ಅಲ್ಲಿಯ ಕಟ್ಟಳೆ ಅದು. ತಂತಿಗೆ ಜೀವ ಇದೆಯೋ ಇಲ್ಲವೋ ಎನ್ನುವುದು ಕಣ್ಣಿಗೆ ಕಾಣುವ ಸಂಗತಿಯಲ್ಲ. ನೋಡಿದರೆ ಎರಡೂ ಒಂದೇ.

ಲೈನು ಸಾಯಿಸದೆ ಬಿಟ್ಟರೆ ಇಂಥ ಗಾಳಿಗೆ ಗುಡ್ಡದ ಮೇಲಿನ ತಂತಿಗಳು ಒಂದಕ್ಕೊಂದು ಬಡಿದುಕೊಂಡು ಕಿಡಿ ಉದುರಿಸುತ್ತವೆ, ಕೆಳಗೆ ಸೊಂಟದೆತ್ತರದ ಹುಲ್ಲು ಒಣಗಿ ಅದನ್ನೇ ಕಾಯುತ್ತಿರುತ್ತದೆ. ಒಂದು ಕಿಡಿ ಸಾಕು, ಸಂಜೆಯೊಳಗೆ ಗುಡ್ಡ ಬೋಳು. ಅವನು ಕೆಲಸಕ್ಕೆ ಸೇರಿದ ಕಾಲದಲ್ಲಿ ಹೀಗೆ ಲೈನು ಸಾಯಿಸುವುದು ಇಡೀ ಬೇಸಿಗೆಗೆ ಒಮ್ಮೆ ಆದರೆ ಹೆಚ್ಚು. ಆದ ದಿನ ಊರೆಲ್ಲ ಅದೇ ಮಾತು. ಈಗ ಬೇಸಿಗೆಯೇ ಅತ್ತ ಚಳಿಗಾಲವನ್ನೂ ಇತ್ತ ಮಳೆಗಾಲವನ್ನೂ ಕಬಳಿಸಿಕೊಂಡು ಕೂತಿತ್ತು. ರಾತ್ರಿ ಕೂಡ ನೆಲದ ಕಾವು ಇಳಿಯುತ್ತಿರಲಿಲ್ಲ. ಹುಲ್ಲಿಗೆ ಹಸಿರಾಗುವುದು ಮರೆತೇಹೋಗಿತ್ತು. ಹೋದ ವರ್ಷದ ಸೆಕೆಯನ್ನು ಕಂಡರಿಯದ ಸೆಕೆ ಎಂದವರು ಈ ವರ್ಷ ಹೋದ ವರ್ಷವೇ ವಾಸಿಯಿತ್ತು ಎನ್ನುತ್ತಿದ್ದರು. "ಕರೆಂಟಿಗೆ ಅಂತ ಕಲ್ಲಿದ್ದಲು ಸುಟ್ಟೆವು, ಸುಟ್ಟೂ ಸುಟ್ಟೂ ಆಕಾಶಕ್ಕೇ ಜ್ವರ ಬರಿಸಿದೆವು, ಈಗ ಅದರ ಭಯಕ್ಕೆ ಕರೆಂಟನ್ನೇ ಆರಿಸ್ಕೊಂಡು ಕೂತಿದೀವಿ. ನಮ್ಮಂಥ ಜಾಣರು ಯಾರಿದಾರೆ ಹೇಳು," ಎಂದು ಗೊಣಗಣ್ಣ ಗೊಣಗಿದ. ಗೊಣಗುವುದು ಅವನ ಕಸುಬು, ಮಧ್ಯೆ ಮಧ್ಯೆ ಕೇಂದ್ರದ ಕೆಲಸವನ್ನೂ ಮಾಡುತ್ತಿದ್ದ. ಇವನು ಫಲಕದ ಮೇಲೆ ಆರಿದ ದೀಪವನ್ನೇ ನೋಡುತ್ತಿದ್ದ. ಗುಡ್ಡದ ಲೈನಿನ ಕೊನೆಯ ಕಂಬದ ಪಕ್ಕದ ಮನೆಯಲ್ಲಿ ಅವನ ಅಮ್ಮ ಇದ್ದಳು, ತಲೆಯ ಮೇಲೆ ಈಗಷ್ಟೇ ನಿಂತ ಒಂದು ಫ್ಯಾನು ಇತ್ತು.

ಊರಿನವರು ಅವನನ್ನು ಕತ್ತಲೆರಾಯ ಎನ್ನುತ್ತಿದ್ದರು. ಕ್ಷೌರದಂಗಡಿಗೆ ಹೋದರೆ, "ಕತ್ತಲೆರಾಯರು ಬಂದ್ರು, ಬೇಗ ಬೇಗ ಮುಗಿಸ್ರಪ್ಪ, ಯಾವಾಗ ಕರೆಂಟ್ ತೆಗೀತಾರೋ," ಎಂದು ಯಾರಾದರೂ ಅನ್ನುತ್ತಿದ್ದರು. ಅವನೂ ನಗುತ್ತಿದ್ದ, ಕತ್ತಿನ ಮೇಲೆ ಕತ್ತಿ ಇರುವಾಗ ನಗದೆ ಏನು ಮಾಡುವುದು. ಅಮ್ಮ ಮಾತ್ರ ಆ ಹೆಸರನ್ನು ಬಾಯಿಗೆ ತಂದವಳಲ್ಲ. ಅವಳ ಮನೆಯಲ್ಲಿ ಕೆಟ್ಟದ್ದನ್ನು ಅದರ ಹೆಸರಿನಿಂದ ಕರೆಯುವಂತಿರಲಿಲ್ಲ. ದೀಪ ಆರಿಸು ಎಂದರೆ ಬಾಯ ಮೇಲೆ ಏಟು, ದೀಪ ದೊಡ್ಡದು ಮಾಡು ಎನ್ನಬೇಕು. ಬಳೆ ಒಡೆಯಿತು ಎನ್ನುವಂತಿಲ್ಲ, ಹೆಚ್ಚಿತು ಎನ್ನಬೇಕು. ಹೊರಡುವವರು ಹೋಗ್ತೀನಿ ಎನ್ನುವಂತಿಲ್ಲ, ಬರ್ತೀನಿ ಎನ್ನಬೇಕು. ಹೀಗೆ ಉಲ್ಟಾ ಆಡೀ ಆಡೀ ಅವಳ ನಾಲಿಗೆಗೆ ಅದೇ ರುಚಿಯಾಯಿತೇನೋ, ಬರಬರುತ್ತಾ ಬೈಗುಳವನ್ನೂ ಹೊಗಳಿಕೆಯಲ್ಲೇ ಬೈಯತೊಡಗಿದಳು. ಸಾರಿಗೆ ಉಪ್ಪು ಕಡಿಮೆಯಾದರೆ ಜೊತೆಗಿದ್ದ ಹಿರಿಸೊಸೆಗೆ, "ಏನು ಕೈರುಚಿ ತಾಯಿ ನಿಂದು." ಅವನು ಮೂರು ವಾರ ಮುಖ ತೋರಿಸದೆ ಹೋದರೆ, "ದಿನಾ ಬಂದು ಬಂದು ಕಾಲು ಸವೀತು ನಿಂಗೆ." ಅವನ ಕೆಲಸದ ಬಗ್ಗೆ ಯಾರಾದರೂ ಕೇಳಿದರೆ, "ನನ್ನ ಮಗ ಊರಿನ ದೀಪ ಎಲ್ಲ ದೊಡ್ಡದು ಮಾಡ್ತಾನೆ," ಎಂದು ಹೇಳಿ ಎದುರಿನವರ ಮುಖ ನೋಡುತ್ತಾ ಕೂರುತ್ತಿದ್ದಳು, ಚುಚ್ಚಿದ್ದು ಎಷ್ಟು ಆಳಕ್ಕೆ ಹೋಯಿತು ಎಂದು ನೋಡುವ ಹಾಗೆ. ಅವನಿಗೆ ಅವಳ ಮೇಲೆ ಪ್ರೀತಿ ಇತ್ತು, ಸುಳ್ಳಲ್ಲ. ಆದರೆ ಅವಳ ಫೋನು ಬಂದಾಗಲೆಲ್ಲ ಮೊದಲು ಬೇಗ ಇಡುವುದಕ್ಕೊಂದು ನೆಪ ಹುಡುಕುತ್ತಿದ್ದ, ಪ್ರೀತಿ ಆಮೇಲೆ ಬರುತ್ತಿತ್ತು, ಕೆಲವೊಮ್ಮೆ ಬರುತ್ತಲೂ ಇರಲಿಲ್ಲ.

ಅವನ ಸ್ವಂತ ಮನೆ ಕೆಳಗೆ ಊರಿನಲ್ಲಿತ್ತು. ಅಲ್ಲಿ ಎಂದೂ ಲೈನು ಸಾಯುತ್ತಿರಲಿಲ್ಲ, ಮಲಗುವ ಕೋಣೆಯಲ್ಲಿ ಕೂಲರ್ ಕೂಡ ಇತ್ತು. "ಬರ್ಲಿ ಬಿಡಿ, ನಾನೇನು ಬೇಡ ಅಂದ್ನಾ, ಅವರು ಬಂದ ದಿನ ನಾನು ತವರಿಗೆ ಹೊರಡ್ತೀನಿ ಅಷ್ಟೇ," ಎಂದಿದ್ದಳು ಹೆಂಡತಿ, ಅಮ್ಮನನ್ನು ಕರೆತರುವ ಮಾತೆತ್ತಿದಾಗ. ಅವನು ಗುಡ್ಡ ಹತ್ತಿ ಹೋಗಿ ಅಮ್ಮನಿಗೆ ಹೇಳಿದ್ದೇ ಬೇರೆ: "ಕೆಳಗೆ ಧಗೆ ತಡೆಯೋಕಾಗಲ್ಲಮ್ಮ, ಇಲ್ಲಿ ಗುಡ್ಡದ ಗಾಳಿ, ತಂಪು." ಅದು ಒಂದು ಕಾಲಕ್ಕೆ ನಿಜವೇ ಆಗಿತ್ತು. ಅವನು ಚಿಕ್ಕವನಿದ್ದಾಗ ಬೇಸಿಗೆಯ ಸಂಜೆಗೂ ಅಲ್ಲಿ ಕಂಬಳಿ ಬೇಕಾಗುತ್ತಿತ್ತು. ಅಣ್ಣನೂ ಅವನೂ ಒಂದೇ ಕಂಬಳಿಯ ಎರಡು ತುದಿ ಹಿಡಿದು ಎಳೆದಾಡುತ್ತಿದ್ದರು, ಅಮ್ಮ ಬಂದು ಇಬ್ಬರ ಮೇಲೂ ಅದನ್ನು ಎಸೆದು ಹೋಗುತ್ತಿದ್ದಳು. ಆ ಕಂಬಳಿ ಇನ್ನೂ ಇತ್ತು, ಆ ತಂಪು ಇರಲಿಲ್ಲ. ಅಮ್ಮ ಅವನನ್ನು ನೋಡಿ, "ಹೌದಪ್ಪ, ಹಲ್ಲು ಕಟಕಟ ಅಂತಿದೆ," ಎಂದಿದ್ದಳು. ಬೆನ್ನಿನ ಮೇಲೆ ಬೆವರು ರವಿಕೆಯನ್ನು ಅಂಟಿಸಿತ್ತು.

ಮಧ್ಯಾಹ್ನಕ್ಕೆ ಮುಂಚೆ ಗಾಳಿಯ ಬಟ್ಟಲುಗಳು ಸ್ವಲ್ಪ ಸುಸ್ತಾದಂತೆ ಕಂಡಾಗ ಅವನು ದೊಡ್ಡ ಸಾಹೇಬರಿಗೆ ಫೋನು ಮಾಡಿದ. ಸಾಹೇಬರು ಬೇರೆ ಊರಿನ ತಣ್ಣನೆಯ ಕೋಣೆಯಲ್ಲಿ ಕೂತು ಎಲ್ಲ ಕೇಂದ್ರಗಳಿಗೂ ಅಪ್ಪಣೆ ಕೊಡುವವರು. ಕೇಂದ್ರದ ಫೋನಿನ ಕಿವಿ ಕೆಟ್ಟು ಎಷ್ಟೋ ದಿನವಾಗಿತ್ತು, ಸ್ಪೀಕರಿನಲ್ಲೇ ಮಾತಾಡಬೇಕು. "ಸಾರ್, ಗಾಳಿ ಒಂಚೂರು ಇಳಿದಿದೆ. ಒಂದು ಗಂಟೆ ಲೈನ್ ಕೊಡಬಹುದಾ ಅಂತ. ಮೇಲೆ ವಯಸ್ಸಾದವರು ಇದಾರೆ." ಸಾಹೇಬರು ಮಾತು ತಡೆದು ಕೇಳಿದರು: "ಯಾರ್ರೀ ವಯಸ್ಸಾದವರು?" ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಅವನ ಕೈ ಅಂಗಿಯ ಕಾಲರಿಗೆ ಹೋಯಿತು. "ನಿಮ್ಮ ತಾಯಿನಾ? ಅಲ್ರೀ, ನಿಮ್ಮಮ್ಮನಿಗೆ ಸೆಕೆ ಅಂತ ಗುಡ್ಡಾನೇ ಸುಡೋಣ ಅಂತೀರಾ? ಅಷ್ಟು ಕಾಳಜಿ ಇದ್ರೆ ಕೆಳಗೆ ಕರ್ಕೊಂಡು ಬನ್ನಿ. ನಿಮ್ಮನೇಲಿ ಕರೆಂಟ್ ಇದೆಯಲ್ಲ." ಕೋಣೆಯಲ್ಲಿ ಯಾರೋ ಮೂಗಿನಲ್ಲಿ ನಕ್ಕರು. ಗೊಣಗಣ್ಣ ಕೂಡ ತಲೆ ತಗ್ಗಿಸಿ ಲೋಟದೊಳಗೆ ನಗುತ್ತಿದ್ದ. ಸಾಹೇಬರು ಹೇಳಿದ್ದರಲ್ಲಿ ಒಂದಕ್ಷರ ತಪ್ಪಿರಲಿಲ್ಲ, ಅದಕ್ಕೇ ಅವನ ಕಿವಿ ಸುಟ್ಟಿತು. ಕುರ್ಚಿಗೆ ಬಂದು ಕೂತ ಮೇಲೆ ಅವನಿಗೆ ಸಾಹೇಬರ ಮೇಲೆ ಸಿಟ್ಟು ಬರಲಿಲ್ಲ, ಅಮ್ಮನ ಮೇಲೆ ಬಂತು. ಇವಳು ಆ ಗುಡ್ಡದ ತುದಿಯಲ್ಲಿ ಕೂತು ನನ್ನ ಮರ್ಯಾದೆ ತೆಗೆಯುತ್ತಿದ್ದಾಳೆ ಎನ್ನಿಸಿತು. ಎಂಥ ಮಗ ನೋಡಿ.

ಅಷ್ಟರಲ್ಲಿ ಅವಳದೇ ಫೋನು ಬಂತು. ಲೈನು ಸತ್ತರೆ ಗುಡ್ಡದ ಫೋನ್ ಗೋಪುರವೂ ಬ್ಯಾಟರಿಯಲ್ಲಿ ಸ್ವಲ್ಪ ಹೊತ್ತು ಏದುಸಿರು ಬಿಟ್ಟು ಕಣ್ಣುಮುಚ್ಚುತ್ತದೆ, ಆದ್ದರಿಂದ ದನಿ ಕಡಿದು ಕಡಿದು ಬರುತ್ತಿತ್ತು. "ದೊಡ್ಡದು ಮಾಡಿದ್ಯಾ?" ಎಂದಳು. "ಮಾಡ್ದೆ." "ಒಳ್ಳೇದಾಯ್ತು. ಚಳಿ ಕಣೋ. ತಡೆಯೋಕಾಗ್ತಿಲ್ಲ. ನಿಮ್ಮತ್ತಿಗೆಗೆ ಹೇಳು, ಆ ಕಂಬಳಿ ಎಲ್ಲಿಟ್ಟಿದಾಳೋ, ಕೊಡೋಕೆ ಹೇಳು." ಕೋಣೆಯವರು ಇನ್ನೂ ತನ್ನನ್ನೇ ನೋಡುತ್ತಿದ್ದಾರೆ ಎಂದು ಅವನಿಗೆ ಬೆನ್ನಿನಲ್ಲಿ ಗೊತ್ತಾಗುತ್ತಿತ್ತು. ಫೋನಿನ ಬಾಯಿಗೆ ಕೈ ಅಡ್ಡ ಹಿಡಿದು, "ನಮ್ಮಮ್ಮನಿಗೆ ಚಳಿಯಂತೆ," ಎಂದ. ಎಲ್ಲರೂ ನಕ್ಕರು. ಈ ಸಲ ಅವನ ಮೇಲಲ್ಲ, ಅವನ ಜೊತೆಗೆ. ಹೋದ ಮುಖ ವಾಪಸ್ಸು ಬಂದಂತಾಯಿತು. "ಆಯ್ತಮ್ಮ, ಎರಡು ಕಂಬಳಿ ಹೊದ್ಕೊಂಡು ಬೆಚ್ಚಗೆ ಮಲ್ಕೋ. ಮಂಜು ಬೀಳ್ತಿದೆ, ಕಿಟಕಿ ಹಾಕಿಸ್ಕೋ," ಎಂದ ದೊಡ್ಡ ದನಿಯಲ್ಲಿ. ಅವಳು ಬೇರೆ ದಿನವಾದರೆ ಇದಕ್ಕೆ ಇನ್ನೂ ಮೊನಚಾದದ್ದೊಂದನ್ನು ತಿರುಗಿಸಿ ಎಸೆಯುತ್ತಿದ್ದಳು. ಇವತ್ತು, "ಹೂಂ. ಹೋಗ್ತೀನಿ," ಎಂದಳು. ಗೋಪುರ ಸತ್ತಿತು. ಹೋಗ್ತೀನಿ ಎಂದಳೇ, ಎಂದು ಅವನಿಗೆ ಒಂದು ಗಳಿಗೆ ಅನ್ನಿಸಿತು, ಹುಟ್ಟಿದಾಗಿನಿಂದ ಅವಳ ಬಾಯಲ್ಲಿ ಕೇಳಿರದ ಮಾತು. ಆದರೆ ಗೊಣಗಣ್ಣ ನಗುತ್ತಾ ಅವನ ತೊಡೆ ತಟ್ಟಿ, "ನಿಮ್ಮಮ್ಮ ಭಾರೀ ಆಸಾಮಿ ಕಣಯ್ಯ," ಎಂದ. ಅವನೂ ನಕ್ಕ, ಆ ಮಾತು ಅಲ್ಲಿಗೆ ಬಿತ್ತು.

ಪಾಳಿ ಮುಗಿಯುವಾಗ ಬಿಸಿಲು ಇಳಿಮುಖವಾಗಿದ್ದರೂ ಧಗೆ ಇಳಿದಿರಲಿಲ್ಲ. ರಸ್ತೆಯ ಟಾರು ಚಪ್ಪಲಿಗೆ ಅಂಟುತ್ತಿತ್ತು, ಬೀದಿಯಲ್ಲಿ ನಾಯಿಯೊಂದು ಚರಂಡಿಯೊಳಗೆ ಕತ್ತಿನವರೆಗೆ ಮುಳುಗಿ ಕೂತಿತ್ತು. ಅವನು ಮೀನಿನಂಗಡಿಯಲ್ಲಿ ಕೇಳಿ ಒಂದು ಚೀಲ ಮಂಜುಗಡ್ಡೆ ಹಾಕಿಸಿಕೊಂಡ, ಕೇಂದ್ರದ ಜೀಪು ತೆಗೆದುಕೊಂಡು ಗುಡ್ಡ ಹತ್ತಿದ. ಮಂಜುಗಡ್ಡೆ ಕಂಡರೆ ಅಮ್ಮ ಏನು ಅನ್ನುತ್ತಾಳೆ ಎಂದು ದಾರಿಯುದ್ದಕ್ಕೂ ಊಹಿಸುತ್ತಿದ್ದ. ಬೆಂಕಿ ಬಿದ್ದಾಗ ಬಾವಿ ತೋಡೋಕೆ ಬಂದ ನನ್ನ ಮಗ, ಅನ್ನುತ್ತಾಳೆ. ಅಲ್ಲ, ಅದು ನೇರ ಮಾತಾಯಿತು, ಎಷ್ಟು ಬೇಗ ಬಂದೆಯಪ್ಪ ಅನ್ನುತ್ತಾಳೆ. ಅರ್ಧ ದಾರಿಯ ತಿರುವಿನಲ್ಲಿ ಜೀಪು ತಾನಾಗಿ ನಿಂತಂತೆ ನಿಂತಿತು. ಒಣಮರದ ದೊಡ್ಡ ಕೊಂಬೆಯೊಂದು ಮುರಿದು ಲೈನಿನ ಮೇಲೆ ಬಿದ್ದಿತ್ತು. ತಂತಿ ಕಿತ್ತು ಹುಲ್ಲಿನೊಳಗೆ ಇಳಿದು ಗಾಳಿಗೆ ಅತ್ತಿಂದಿತ್ತ ಆಡುತ್ತಿತ್ತು, ಹುಲ್ಲನ್ನು ಸವರುತ್ತಿತ್ತು, ಏನೂ ಆಗುತ್ತಿರಲಿಲ್ಲ. ಬೆಳಗ್ಗೆ ಅವನು ಆಕಳಿಸಿ ಸ್ವಿಚ್ಚು ತಿರುಗಿಸದೆ ಇದ್ದಿದ್ದರೆ? ಸಾಹೇಬರು ಅವನ ಮಾತು ಕೇಳಿ ಒಂದು ಗಂಟೆ ಲೈನು ಕೊಟ್ಟಿದ್ದರೆ? ಈ ಹುಲ್ಲು, ಆ ಮೇಲಿನ ಮನೆಗಳು, ಅಮ್ಮ, ಅತ್ತಿಗೆ ಎಲ್ಲರೂ ಇಷ್ಟು ಹೊತ್ತಿಗೆ ಬೂದಿ. ಅವನಿಗೆ ಕುಣಿಯುವಷ್ಟು ಸಂತೋಷವಾಯಿತು.

ಆ ಸಂತೋಷವನ್ನು ಅವನು ಬೇಗ ಬಿಡಲಿಲ್ಲ. ವಾಕಿಟಾಕಿಯಲ್ಲಿ ಗೊಣಗಣ್ಣನಿಗೆ ಹೇಳಿದ, ಸಾಹೇಬರಿಗೂ ಕೇಳುವಂತೆ ಫೋನಿನ ಮುಂದೆ ಹಿಡಿ ಎಂದ, ಸಾಹೇಬರು ಕಾಫಿ ಮುಗಿಸಿ ಬರುವವರೆಗೆ ಕಾದ, ಮತ್ತೆ ಮೊದಲಿನಿಂದ ಹೇಳಿದ. "ಭೇಷ್," ಎಂದರು ಸಾಹೇಬರು. ಇಡೀ ಕೋಣೆ ಅದನ್ನು ಕೇಳಿರಬೇಕು. ರಿಪೇರಿಯವರು ಬರುವುದಕ್ಕೆ ಇನ್ನೂ ಹೊತ್ತಿತ್ತು, ಅವನು ನಿಲ್ಲಬೇಕಾದ ಅಗತ್ಯ ಕೂಡ ಇರಲಿಲ್ಲ. ಆದರೂ ನಿಂತ, ಬಂದವರಿಗೆ ತಾನೇ ಬೆರಳು ಮಾಡಿ ತೋರಿಸಬೇಕಿತ್ತು. ಬಂದರು, ತೋರಿಸಿದ. ಅವರಲ್ಲಿ ಹಿರಿಯನೊಬ್ಬ, ಇವನಿಗೆ ಒಂದು ಕಾಲಕ್ಕೆ ವೈರಿಂಗ್ ಕಲಿಸಿದವನು, ತಂತಿಯ ಹತ್ತಿರ ಕೂತು, "ಸತ್ತಿದೆಯಾ?" ಎಂದ. "ಸತ್ತಿದೆ," ಎಂದ ಇವನು. ಪರೀಕ್ಷೆಯ ಕೋಲು ತಾಗಿಸಿ ನೋಡಿದ ಮೇಲೂ ಆ ಮುದುಕ ಹಳೆಯ ಚಾಳಿಯಂತೆ ಕೈಯ ಹಿಂಬದಿಯಿಂದಲೇ ತಂತಿಯನ್ನು ಮುಟ್ಟಿದ. ಅಂಗೈಯಿಂದ ಮುಟ್ಟಬಾರದು, ಜೀವ ಇದ್ದರೆ ಬೆರಳು ಮಡಚಿ ತಂತಿಯನ್ನೇ ಹಿಡಿದುಬಿಡುತ್ತದೆ, ಬಿಡಿಸಿಕೊಳ್ಳಲಾಗುವುದಿಲ್ಲ. ಹಿಂಬದಿಯಿಂದ ಮುಟ್ಟಿದರೆ ಕೈ ತಾನೇ ಎಗರಿ ದೂರ ಬೀಳುತ್ತದೆ. ಅವನು ಇವನಿಗೆ ಕಲಿಸಿದ ಮೊದಲ ಪಾಠ ಅದೇ. ಆ ಪಾಠ ಇವನ ಮೈಗೆ ಎಷ್ಟು ಹತ್ತಿತ್ತೆಂದರೆ ಬಾಗಿಲ ಚಿಲಕವನ್ನೂ ನಲ್ಲಿಯನ್ನೂ ಹೆಂಡತಿಯ ಕೆನ್ನೆಯನ್ನೂ ಮೊದಲು ಹಾಗೇ ಮುಟ್ಟುತ್ತಿದ್ದ. ಜೀಪಿನ ಹಿಂಬದಿಯಿಂದ ಮಂಜುಗಡ್ಡೆಯ ನೀರು ರಸ್ತೆಗೆ ಇಳಿದು, ಇಳಿದ ಜಾಗದಲ್ಲೇ ಆರಿಹೋಗುತ್ತಿತ್ತು.

ಅಮ್ಮನ ಮನೆಯ ಬಾಗಿಲು ಕಿಟಕಿ ಎಲ್ಲ ಹಾಕಿತ್ತು. ತೆರೆದರೆ ಒಲೆಯ ಬಾಯಿಂದ ಬಂದಂಥ ಗಾಳಿ, ಎಲ್ಲೋ ದೂರದ ಬೇರೆ ಗುಡ್ಡ ಉರಿಯುತ್ತಿರುವ ಹೊಗೆ. ಹಾಕಿದರೆ ಒಳಗೇ ಬೇಯುವುದು. ಅತ್ತ ದರಿ ಇತ್ತ ಪುಲಿ. ಅತ್ತಿಗೆ ಒದ್ದೆ ಟವೆಲನ್ನು ತಲೆಗೆ ಸುತ್ತಿಕೊಂಡು ನಡುಮನೆಯ ನೆಲದ ಮೇಲೆ ಗೋಡೆಗೊರಗಿ ಕೂತಿದ್ದಳು, ಕಣ್ಣು ಗುಳಿಬಿದ್ದಿತ್ತು. ಅಣ್ಣ ದೂರದೂರಿನ ಕೆಲಸದಲ್ಲಿದ್ದು ತಿಂಗಳಿಗೊಮ್ಮೆ ಬರುವವನು. ಇಷ್ಟು ವರ್ಷ ಅಮ್ಮನ ನಾಲಿಗೆಯ ಜೊತೆ ಒಬ್ಬಳೇ ಸಂಸಾರ ಮಾಡಿದವಳು ಇವಳು. "ಶ್," ಎಂದಳು ಅವನನ್ನು ಕಂಡು. "ಈಗ ಮಲಗಿದಾರೆ. ಬೆಳಗ್ಗಿಂದ ಒಂದೇ ಸಮ ಏನೇನೋ ಮಾತು. ನನ್ನನ್ನ ಯಾರೋ ಅನ್ಕೊಂಡು ಬೈದ್ರು, ಆಮೇಲೆ ಇಲ್ಲದ ನಿಮ್ಮಪ್ಪನ ಹತ್ರ ಮಾತಾಡಿದ್ರು. ನೀನು ಬರೋಕೆ ಸ್ವಲ್ಪ ಮುಂಚೆ ಸುಮ್ಮನಾದ್ರು. ಎಬ್ಬಿಸ್ಬೇಡಪ್ಪ, ನಿನ್ನ ಕಾಲಿಗೆ ಬೀಳ್ತೀನಿ."

ಅವನು ಬೆರಳ ತುದಿಯಲ್ಲಿ ನಡೆದು ಒಳಕೋಣೆಗೆ ಇಣುಕಿದ. ಅಮ್ಮ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು, ಕತ್ತಿನವರೆಗೆ ಆ ಹಳೆಯ ಕಂಬಳಿ ಹೊದ್ದಿದ್ದಳು. ಬಗ್ಗಿ, ಕೈಯ ಹಿಂಬದಿಯಿಂದ ಅವಳ ಹಣೆ ಮುಟ್ಟಿದ. ಬಿಸಿಯಿತ್ತು. ಕೈ ತಾನಾಗಿ ಎಗರಿ ಬಂತು. ಜೀವ ಇದೆ ಎಂದು ಅವನ ಮನಸ್ಸು ಕೆಲಸದ ಮಾತಿನಲ್ಲೇ ಹೇಳಿತು, ಅವನು ಹೊರಗೆ ಬಂದ. "ಮೈ ಸುಡ್ತಿದೆ ಅತ್ತಿಗೆ. ಜ್ವರ ಇದೆ." "ಯಾರಿಗಿಲ್ಲ ಜ್ವರ. ಗೋಡೆ ಮುಟ್ಟಿ ನೋಡು, ಗೋಡೆಗೂ ಇದೆ." "ಈ ಸೆಕೇಲಿ ಕಂಬಳಿ ಯಾಕೆ ಕೊಟ್ರಿ?" ಅತ್ತಿಗೆ ತಲೆಯ ಟವೆಲನ್ನು ಬಿಚ್ಚಿ ಮತ್ತೆ ಸುತ್ತಿಕೊಂಡಳು. "ಚಳಿ ಚಳಿ ಅಂತ ಪ್ರಾಣ ತಿಂದ್ರು. ಈ ವ್ಯಂಗ್ಯ ಎಷ್ಟು ವರ್ಷ ಕೇಳೋದು ಅಂತ ಸಿಟ್ಟು ಬಂತು. ತಗೊಳ್ಳಿ ಅಂತ ತಂದು ಹೊದಿಸ್ದೆ. ಸಾಕು ತೆಗಿ ಅಂತಾರೆ ಅಂದ್ಕೊಂಡಿದ್ದೆ. ಅನ್ನಲಿಲ್ಲ. ಗಟ್ಟಿಯಾಗಿ ಎಳ್ಕೊಂಡು ಮಲಗಿದ್ರು, ಅವರಿಗೂ ಹಟ." ಅವನಿಗೆ ನಗು ಬಂತು, ಅವಳಿಗೂ ಬಂತು. ಇಬ್ಬರೂ ದನಿಯಿಲ್ಲದೆ, ಮುಖ ಮುಚ್ಚಿಕೊಂಡು, ಮಕ್ಕಳಂತೆ ನಕ್ಕರು. ಚೀಲದಲ್ಲಿ ಉಳಿದದ್ದು ಒಂದು ಹಿಡಿ ಮಂಜುಗಡ್ಡೆ ಮಾತ್ರ. ಅಮ್ಮ ಎದ್ದ ಮೇಲೆ ಕೊಡೋಣ ಎಂದು ಮೊದಲು ಪಾತ್ರೆಯಲ್ಲಿಟ್ಟರು. ಅದು ಕಣ್ಣೆದುರೇ ಕರಗುತ್ತಿತ್ತು, ಹೇಗೂ ಹಾಳಾಗುತ್ತದೆ ಎಂದು ಅತ್ತಿಗೆ ಎರಡು ಲೋಟಕ್ಕೆ ನೀರು ಹಾಕಿ ಅದನ್ನು ಹಂಚಿದಳು. ಮೀನಿನ ವಾಸನೆಯಿತ್ತು. ಆ ಮನೆಯಲ್ಲಿ ಅಷ್ಟು ನೆಮ್ಮದಿಯಾಗಿ ಅವನು ನೀರು ಕುಡಿದದ್ದು ನೆನಪಿರಲಿಲ್ಲ. ಅಮ್ಮ ಹೀಗೆ ನಿದ್ದೆ ಮಾಡುತ್ತಲೇ ಇರಲಿ ಎಂದು ಅವನು ಬಯಸಿದ, ನಿಚ್ಚಳವಾಗಿ ಇದೇ ಮಾತುಗಳಲ್ಲಿ ಬಯಸಿದ. ಹೊರಗೆ ಗಾಳಿ ಬಿದ್ದುಹೋಗಿತ್ತು.

ಮಬ್ಬುಗತ್ತಲಾಗುವ ಹೊತ್ತಿಗೆ ಕರೆಂಟು ಬಂತು. ಮನೆಯ ದೀಪಗಳೆಲ್ಲ ಒಟ್ಟಿಗೇ ಹೊತ್ತಿದವು, ಫ್ರಿಜ್ಜು ಗುರುಗುಟ್ಟಿತು, ಒಳಕೋಣೆಯಲ್ಲಿ ಫ್ಯಾನು ಕಟಕಟ ಎಂದು ಹಳೆಯ ಸದ್ದು ಮಾಡಿ ತಿರುಗತೊಡಗಿತು. ಬಾಗಿಲಿನಿಂದ ನೋಡಿದ ಅತ್ತಿಗೆ, "ಎದ್ರು ನೋಡು, ಅಲ್ಲಾಡ್ತಿದಾರೆ. ಶುರುವಾಯ್ತು ಇನ್ನು," ಎಂದಳು. ಅಮ್ಮನ ತಲೆಯ ಬಿಳಿ ಕೂದಲು ಅಲ್ಲಾಡುತ್ತಿತ್ತು, ಕಂಬಳಿಯ ಅಂಚು ಅಲ್ಲಾಡುತ್ತಿತ್ತು. ಅವನು ಮುಖದ ಮೇಲೆ ಒಂದು ನಗೆ ಸಿದ್ಧ ಮಾಡಿಕೊಂಡು ಹತ್ತಿರ ಹೋದ, ಎಷ್ಟು ಬೇಗ ಬಂದೆಯಪ್ಪ ಎನ್ನುವ ಮಾತಿಗೆ ಕಾದ. ಕಂಬಳಿ ತೆಗೆದ. ಕೈಯ ಹಿಂಬದಿಯಿಂದ ಅವಳ ಕೆನ್ನೆ ಮುಟ್ಟಿದ. ಮೊದಲಿನಷ್ಟು ಬಿಸಿಯಿರಲಿಲ್ಲ. ಜ್ವರ ಇಳೀತಿದೆ ಎಂದುಕೊಂಡ. ಮಂಚದ ಅಂಚಿನಲ್ಲಿ ಕೂತ. ಎಷ್ಟೋ ಹೊತ್ತಿನ ಮೇಲೆ ಮತ್ತೆ ಮುಟ್ಟಿದ, ಇನ್ನೂ ಕಡಿಮೆಯಾಗಿತ್ತು. ಇಂಥ ದಿನ ಸತ್ತವರ ಮೈ ತಣ್ಣಗಾಗುವುದಕ್ಕೂ ಕರೆಂಟು ಬೇಕು. ಆ ತಿಳಿವಳಿಕೆ ಅವನಿಗೆ ಒಮ್ಮೆಗೇ ಬರಲಿಲ್ಲ, ಫ್ಯಾನಿನ ಒಂದೊಂದು ಸುತ್ತಿಗೆ ಒಂದಿಷ್ಟು ಬಂತು. ಸಂಜೆ ಅವನು ಮುಟ್ಟಿದ್ದು ಅವಳ ಬಿಸಿಯನ್ನಲ್ಲ, ಕೋಣೆಯ ಬಿಸಿಯನ್ನು. ಆ ಕೊಂಬೆಯ ಕೆಳಗೆ ಅವನು ಭೇಷ್ ಎನ್ನಿಸಿಕೊಳ್ಳುತ್ತಿದ್ದಾಗ ಅವಳು ಅಪ್ಪನ ಹತ್ತಿರ ಮಾತಾಡುತ್ತಿದ್ದಳು. ಜೀವಮಾನವೆಲ್ಲ ಉಲ್ಟಾ ಆಡಿದವಳು ಕೊನೆಗೆ ಎರಡು ನೇರ ಮಾತು ಆಡಿದ್ದಳು, ಚಳಿ ಎಂದಳು, ಹೋಗ್ತೀನಿ ಎಂದಳು. ಒಂದಕ್ಕೆ ಅವನು ಜನರನ್ನು ನಗಿಸಿದ್ದ. ಅವನು ಕೈ ತಿರುಗಿಸಿ, ಅಂಗೈಯನ್ನೇ ಅವಳ ಕೆನ್ನೆಯ ಮೇಲಿಟ್ಟ, ಬೆರಳು ಮಡಚಿ ಹಿಡಿದುಕೊಳ್ಳಲಿ ಎಂದು ಕಾದ. ಏನೂ ಹಿಡಿದುಕೊಳ್ಳಲಿಲ್ಲ.

ಜೇಬಿನಲ್ಲಿ ಫೋನು ಬಡಿದುಕೊಂಡಿತು. ಗೋಪುರಕ್ಕೂ ಜೀವ ಬಂದಿತ್ತು. ಅಣ್ಣ. "ಸಂಜೆಯಿಂದ ಮಾಡ್ತಿದೀನಿ ಕಣೋ, ಒಬ್ಬರ ಫೋನೂ ಹೋಗ್ತಿಲ್ಲ. ಟಿ.ವಿ.ಯಲ್ಲಿ ಎಲ್ಲ ಕಡೆ ಬೆಂಕಿ ಬೆಂಕಿ ಅಂತಿದಾರೆ. ನಮ್ಮ ಗುಡ್ಡ?"

"ಇಲ್ಲಿ ಎಲ್ಲೂ ಬಿದ್ದಿಲ್ಲ ಅಣ್ಣ."

"ಸದ್ಯ. ನೀನು ಅಲ್ಲಿದೀಯಲ್ಲ, ಅದೇ ಧೈರ್ಯ. ಅಮ್ಮ ಹೇಗಿದಾಳೆ? ಸೆಕೆಗೆ ತುಂಬಾ ಒದ್ದಾಡಿದ್ಲಾ?"

ಅವನು ಬಾಯಿ ತೆರೆದ. ಆಕಳಿಕೆ ಬಂತು, ದವಡೆ ಬಿಗಿಹಿಡಿದು ತಡೆದುಕೊಂಡ. ಆ ಮಾತನ್ನು ಅದರ ಹೆಸರಿನಿಂದ ಹೇಳಬೇಕಿತ್ತು. ಆ ಮನೆಯಲ್ಲಿ ಯಾರೂ ಎಂದೂ ಹಾಗೆ ಹೇಳಿರಲಿಲ್ಲ, ನಾಲಿಗೆಗೆ ಅದರ ದಾರಿಯೇ ಗೊತ್ತಿರಲಿಲ್ಲ.

"ತಣ್ಣಗಾದಳು ಅಣ್ಣ," ಎಂದ.

"ಹೌದಾ? ಅಬ್ಬ, ಕರೆಂಟ್ ಬಂತಲ್ಲ ಹಾಗಾದ್ರೆ. ನನಗೆ ಈಗ ಊಟ ಸೇರುತ್ತೆ. ಫ್ಯಾನ್ ನಿಲ್ಲಿಸ್ಬೇಡ, ಹಾಗೇ ತಿರುಗ್ತಾ ಇರ್ಲಿ."

"ಹೂಂ," ಎಂದ ಅವನು. ಅಣ್ಣ ಫೋನಿಟ್ಟ. ಅತ್ತಿಗೆ ಬಾಗಿಲಲ್ಲಿ ನಿಂತು, ಅಮ್ಮನಿಗೆಂದು ತಂದ ನೀರಿನ ಲೋಟವನ್ನು ಎಲ್ಲಿಡುವುದೆಂದು ತಿಳಿಯದೆ ಹಿಡಿದುಕೊಂಡಿದ್ದಳು.